ಕರ್ಪೂರ ಆರಿಸದ ಮನೆ

"ಏನ್ಲಾ ಕಿಲಿಸ್ತ, ನಿಮ್ಮ ಯೇಸು ಕೊಡ್ಲಿ ಇಡ್ಯಾದು ಕಲಿಸ್ನಿಲ್ವೇನ್ಲಾ? ಬೋಳಿಮಗ್ನೆ, ರಟ್ಟೇಲಿ ಜೀವ ಇಲ್ವಾ?"

ಜಗಲಿಯ ಮೇಲಿಂದ ಪುಟ್ಟಮಲ್ಲಪ್ಪನವರು ಎಲೆಅಡಿಕೆ ಉಗಿದರು. ಅಂಗಳದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಸೀಳುತ್ತಿದ್ದ ಚಲುವಯ್ಯನ ಪಾದದ ಮೇಲೆ ಕೆಂಪು ಹನಿ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಜಾತಿ ಬುಟ್ರೂ ಕೇರಿ ಬುಡಾಕಾಗ್ನಿಲ್ಲ ನೋಡು ನಿಮ್ಗೆ" ಎಂದು ನಕ್ಕರು ಪುಟ್ಟಮಲ್ಲಪ್ಪ. "ನಾಳೆ ಚಾವಡಿಗೆ ಅಮಲ್ದಾರ್ರು ಬತ್ತಾವ್ರೆ. ಆ ಚಿಕ್ಕಣ್ಣ ಸಾಕ್ಷಿಗೆ ನಿನ್ನ ಹೆಸ್ರು ಯೋಳವ್ನಂತೆ. ಗೊತ್ತೇನ್ಲಾ?"

"ಗೊತ್ತು ಬುದ್ಧಿ."

"ಏನಂತೀಯೆ?"

ಕೊಡಲಿ ಮರದಲ್ಲೇ ಕಚ್ಚಿಕೊಂಡಿತು.

ಉಳುವವನನ್ನು ಸುಮ್ಮಸುಮ್ಮನೆ ಹೊಲ ಬಿಡಿಸುವಂತಿಲ್ಲ ಎಂಬ ಹೊಸ ಕಾಯ್ದೆಯ ಸುದ್ದಿ ಹುಣಸೂರಿನ ಸಂತೆಯಿಂದ ಕಟ್ಟೆಮಳಲವಾಡಿ ದಾಟಿ ಆ ಊರಿಗೂ ಬಂದಿತ್ತು. ಪುಟ್ಟಮಲ್ಲಪ್ಪನವರ ಹಳ್ಳದ ಹೊಲವನ್ನು ಚಿಕ್ಕಣ್ಣ ವಾರಕ್ಕೆ, ಅಂದರೆ ಅರ್ಧ ಬೆಳೆ ಅಳೆದುಕೊಟ್ಟು, ಉಳುತ್ತಾ ಬಂದದ್ದು ಊರಿಗೇ ಗೊತ್ತು. ಆದರೆ ಕಾಗದ ಪತ್ರ ಒಂದೂ ಇಲ್ಲ; ಬರೀ ಕೂಲಿಯಾಳು ಎಂದಾದರೆ ಕಾಯ್ದೆ ಅವನಿಗೆ ಸಲ್ಲದು. ಪುಟ್ಟಮಲ್ಲಪ್ಪನವರ ಮೇಲೆ ಬಾಯಿ ಬಿಡುವ ಗಂಡಸೂ ಇಲ್ಲ. ಚಿಕ್ಕಣ್ಣ ಅದೇ ಕೇರಿಯವನು, ಮಾರಮ್ಮನಿಗೆ ಕೋಳಿ ಕೊಯ್ಯುವವನು. ಅಂಥವನು ಎಲ್ಲರೆದುರು ಅಂದಿದ್ದ: "ಚಲುವಣ್ಣ ಏನಂದ್ರೂ ನಂಗೊಪ್ಗೆ. ಆ ಮನೇಲಿ ಸುಳ್ಳು ಉಟ್ಟಕಿಲ್ಲ."

ಸಾಕ್ಷಿ ಹೇಳುವವನು ಚಾವಡಿ ಮುಂದಿನ ಕಲ್ಲಿನ ಮೇಲೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಸುಳ್ಳಾಡಿದರೆ ಅವನ ವಂಶವೂ ಹಾಗೇ ಆರುತ್ತದೆ. ಇದು ಆ ಊರಿನ ಕಟ್ಟಳೆ. ಚಲುವಯ್ಯನ ಅಪ್ಪ ಕರಿಯಪ್ಪ ದೀಕ್ಷಾಸ್ನಾನ ಮಾಡಿಸಿಕೊಂಡು ದಾವೀದಯ್ಯನಾದ ಮೇಲೆ ಒಂದು ನ್ಯಾಯದಲ್ಲಿ, "ಆಣೆ ಇಕ್ಕಿದ್ರೆ ಒಂದು ಮಾತು, ಇಕ್ದಿದ್ರೆ ಒಂದು ಮಾತಾ ಬುದ್ಧಿ? ನನ್ತಾವ ಇರಾದು ಒಂದೇ" ಎಂದು ಕೈಕಟ್ಟಿ ನಿಂತ. ಅವತ್ತು ಅವನನ್ನು ಹುಣಸೆ ಬರಲಿನಲ್ಲಿ ಹೊಡೆದರು. ಆದರೂ ಅವನು ಕರ್ಪೂರ ಆರಿಸಲಿಲ್ಲ. ಮುಂದೊಂದು ಸಲ ಎತ್ತು ಕದ್ದ ತನ್ನ ಸ್ವಂತ ತಮ್ಮನ ಮೇಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಊರೇ ಒಪ್ಪಿತು: ಆ ಮನೆಯವರು ಕರ್ಪೂರ ಆರಿಸಬೇಕಾಗಿಲ್ಲ.

ಮಗನಿಗೆ ಅವನು ಬಿಟ್ಟು ಹೋದದ್ದು ಅದೊಂದೇ.

"ನಿಮ್ಮಪ್ಪನ ಗುಡ್ಡೆ ಎಲ್ಲೈತ್ಲಾ?" ಪುಟ್ಟಮಲ್ಲಪ್ಪನವರ ದನಿ ಈಗ ಮೆತ್ತಗಾಗಿತ್ತು.

"ನಿಮ್ಮ ವಲದ್ ಮೂಲೇಲಿ, ಬುದ್ಧಿ."

ಬೇರೆ ದೇವರ ಹೆಣ ನಮ್ಮ ಮಸಣಕ್ಕೆ ಬೇಡವೆಂದು ಊರೂ ಅಂದಿತ್ತು, ಕೇರಿಯೂ ಅಂದಿತ್ತು. ಜೀವಮಾನವೆಲ್ಲ ದುಡಿದ ಆಳೆಂದು ಪುಟ್ಟಮಲ್ಲಪ್ಪನವರ ತಂದೆ ಹೊಂಗೆ ಮರದಡಿ ಹೂಳಲು ಆರಡಿ ನೆಲ ಬಿಟ್ಟುಕೊಟ್ಟಿದ್ದರು.

"ಈ ಸಲ ಅಲ್ಲೀಗಂಟ ನೇಗ್ಲು ಓಡುಸ್ಬೇಕು ಅಂತಿವ್ನಿ. ಮೂಳೆ ಗೀಳೆ ಎದ್ರೆ ನಾಯ್ಗಳು ಇದಾವೆ. ಚಿಕ್ಕಣ್ಣ ಕೂಲಿಗೆ ಉತ್ತ ಅಂತ ಒಂದು ಮಾತು ಯೋಳ್ಬುಡು, ನಿಮ್ಮಪ್ಪ ತಣ್ಣಗೆ ಮಲ್ಗಿರ್ತಾನೆ."

ಮಾರನೆಯ ದಿನ ಚಾವಡಿಯಲ್ಲಿ ಅಮಲ್ದಾರರು ಚಲುವಯ್ಯನನ್ನು ಕೇಳಿದರು, "ವಾರಕ್ಕೆ ಉತ್ತನೋ, ಕೂಲಿಗೋ?"

ಚಿಕ್ಕಣ್ಣ ನಗುಮುಖದಲ್ಲೇ ಕೂತಿದ್ದ. ಬೀಡಿ ಕಿವಿಗೆ ಸಿಕ್ಕಿಸಿಕೊಂಡಿದ್ದ. ಯಾರೂ ಕರ್ಪೂರ ಹಚ್ಚಲಿಲ್ಲ.

"ಕೂಲಿಗೆ, ಸ್ವಾಮಿ."

ಚಿಕ್ಕಣ್ಣನ ನಗು ತಕ್ಷಣ ಹೋಗಲಿಲ್ಲ. ಏನೋ ತಮಾಷೆ ಇರಬೇಕು, ಮುಂದಿನ ಮಾತು ಬರುತ್ತದೆ ಎಂದು ಅವನು ಕಾಯುತ್ತಲೇ ಇದ್ದ. ಚಲುವಯ್ಯ ಎದ್ದು ಹೋಗುವಾಗಲೂ ಅದೇ ನಗು ಅಲ್ಲಿತ್ತು.

ದೀಪ ಹಚ್ಚಿದ ಮೇಲೆ ಅವ್ವ ಕುಳ್ಳಮ್ಮ ದಿನದ ಹಾಗೆ ಕೀರ್ತನೆಗೆ ಕೂತಳು. ದಾವೀದಯ್ಯ ಹೋದ ಮೇಲೆ ಒಂದು ಸಾಲು ಅವಳದು, ಒಂದು ಸಾಲು ಮಗನದು. ಈ ಸಂಜೆ ಮಗನ ಸಾಲು ಬಂದಾಗ ಚಲುವಯ್ಯನ ಬಾಯಿ ಏಳಲಿಲ್ಲ. ಅವಳು ಆ ಸಾಲಿನಷ್ಟು ಹೊತ್ತು ನೆಲದ ಮೇಲೆ ಅಂಗೈಯಿಂದ ತಾಳ ಮಾತ್ರ ತಟ್ಟಿ, ಮುಂದಿನದನ್ನು ಹಾಡಿದಳು. ಹೀಗೇ ಕೊನೆಯವರೆಗೂ. ಅರ್ಧ ಹಾಡು, ಅರ್ಧ ತಾಳ.

"ಅಪ್ಪನ ಗುಡ್ಡೆ ಉಳೀತು ಕಣವ್ವ" ಎಂದ ಚಲುವಯ್ಯ.

ಕುಳ್ಳಮ್ಮ ಅವನ ಮುಂದೆ ಮುದ್ದೆ ಇಟ್ಟಳು. "ಮೂಳೆ ಉಳುಸ್ಕಂಡೆ ಬುಡು, ಮಗ."

ಮುದ್ದೆ ತಟ್ಟೆಯಲ್ಲೇ ಆರಿತು.

ಬೆಳಗಾಗುತ್ತಲೇ ಅವನು ಗುದ್ದಲಿ ಹೆಗಲಿಗೇರಿಸಿ ಹೊಂಗೆ ಮರದಡಿ ಹೋದ. ಪ್ರತಿ ಈಸ್ಟರ್ ಹಬ್ಬಕ್ಕೆ ತಾನೇ ಸಾರಿಸುತ್ತಿದ್ದ ಗುಡ್ಡೆ. ಮೊದಲ ಏಟು ಹಾಕುವಾಗ "ಅಪ್ಪ" ಎಂದ. ಮಣ್ಣು ಎಳೆದ, ಕಲ್ಲು ಎತ್ತಿ ಬದುವಿಗೆ ಎಸೆದ, ನೆಲವನ್ನು ಸುತ್ತಲ ಹೊಲದ ಮಟ್ಟಕ್ಕೆ ತಂದ. ತಲೆಯ ಕಡೆ ನೆಟ್ಟಿದ್ದ ಹೊನ್ನೆ ಮರದ ಶಿಲುಬೆಯನ್ನು ಅಲ್ಲಾಡಿಸಿ ಕಿತ್ತ. ಎಲ್ಲಿ ತಲೆ, ಎಲ್ಲಿ ಕಾಲು ಎಂದು ಇನ್ನು ಅವನಿಗೇ ತಿಳಿಯುವಂತಿರಲಿಲ್ಲ. ಶಿಲುಬೆಯ ಬುಡಕ್ಕೆ ಗೆದ್ದಲು ಹತ್ತಿತ್ತು. ಅದನ್ನು ಹೆಗಲ ಮೇಲಿಟ್ಟುಕೊಂಡು, ಕೇರಿಯ ಹಿಂದಿನ ದಾರಿ ಬಿಟ್ಟು, ಊರ ನಡುಬೀದಿಯಲ್ಲೇ ಚಾವಡಿಗೆ ನಡೆದ.

ಅಮಲ್ದಾರರ ಗಾಡಿಗೆ ಎತ್ತು ಹೂಡುತ್ತಿದ್ದರು.

"ಏನ್ಲಾ ಅದು, ಹೊತ್ಕಂಡ್ ಬಂದಿರಾದು?" ಪುಟ್ಟಮಲ್ಲಪ್ಪ ಗದರಿದರು.

"ನಮ್ಮಪ್ಪ, ಬುದ್ಧಿ. ಎತ್ಕಂಡ್ ಬಂದಿವ್ನಿ. ನಿಮ್ಮ ವಲ ನಿಮ್ಗೇ ಆಯ್ತು, ಎಲ್ಲೀಗಂಟ ಬೇಕಾರೂ ಉತ್ಕಳಿ." ಅಮಲ್ದಾರರ ಕಡೆ ತಿರುಗಿದ. "ಸ್ವಾಮಿ, ನೆನ್ನೆ ನಾನು ಆಡಿದ್ದು ಸುಳ್ಳು. ಚಿಕ್ಕಣ್ಣ ವಾರಕ್ಕೆ ಉತ್ತ. ಅರ್ಧ ರಾಗಿ ಇವ್ರ ಕಣಕ್ಕೆ ನಾನೇ ಹೊತ್ತಿವ್ನಿ."

"ನೆನ್ನೆ ಒಂದು, ಇವತ್ತೊಂದು! ಯಾವ್ದುನ್ ನಂಬಾದು?" ಎಂದರು ಪಟೇಲ ವೀರಭದ್ರಸ್ವಾಮಿ. "ಕರ್ಪೂರ ಹಚ್ರೋ. ಆರ್ಸಿ ಯೋಳ್ಲಿ."

ಕಲ್ಲಿನ ಮೇಲೆ ಕರ್ಪೂರ ಹತ್ತಿತು. ಆ ಮನೆಯವನೊಬ್ಬನ ಮುಂದೆ ಅದು ಹತ್ತಿ ಒಂದು ತಲೆಮಾರೇ ಆಗಿತ್ತು.

ಚಲುವಯ್ಯ ಸೇರಿದ್ದ ಜನರ ಅಂಚಿಗೆ ನಿಂತಿದ್ದ ಚಿಕ್ಕಣ್ಣನನ್ನು ನೋಡಿದ. ಚಿಕ್ಕಣ್ಣ ನೆಲ ನೋಡುತ್ತಲೇ ಅಂದ, "ಆಯಪ್ಪನ್ನ ಇಲ್ಲಿಗ್ಯಾಕ್ ಎತ್ಕಂಬಂದೆ ಚಲುವಣ್ಣ? ಆಯಪ್ಪ ಸತ್ತಿದ್ದು ನೆನ್ನೆ. ಇದೇ ಜಾಗ್ದಲ್ಲಿ."

"ಊಂ ಕಣಪ್ಪ" ಎಂದ ಚಲುವಯ್ಯ. "ನಾನೇ ಕೊಂದೆ."

"ಆರ್ಸ್ಲಾ ಬೋಳಿಮಗ್ನೆ!" ಪುಟ್ಟಮಲ್ಲಪ್ಪ ಅಬ್ಬರಿಸಿದರು.

"ಆರ್ಸಕಿಲ್ಲ. ನಂಬುದ್ರೆ ನಂಬಿ, ಬುಟ್ರೆ ಬುಡಿ. ವಾರಕ್ಕೇ ಉತ್ತ."

ಪುಟ್ಟಮಲ್ಲಪ್ಪನವರ ಆಳುಗಳು ಹತ್ತಿರ ಬಂದು ನಿಂತರು. ಒಬ್ಬನ ಕೈಯಲ್ಲಿ ಹುಣಸೆ ಬರಲಿತ್ತು. ಅಮಲ್ದಾರರು ಲೇಖನಿಯನ್ನು ಹೊರತೆಗೆಯಲೂ ಇಲ್ಲ, ಗಾಡಿ ಹತ್ತಲೂ ಇಲ್ಲ. ಯಾರ ಕೈಯೂ ತಾಗದ ಕರ್ಪೂರ ತಾನಾಗಿ ಉರಿದು, ಕಲ್ಲಿನ ಮೇಲೆ ಕರಿ ಉಳಿಸಿ ಆರಿತು. ಶಿಲುಬೆಯ ಭಾರಕ್ಕೆ ಚಲುವಯ್ಯನ ಹೆಗಲು ಜೋಮು ಹಿಡಿಯುತ್ತಿತ್ತು. ಇಳಿಸೋಣವೆಂದು ಸುತ್ತ ನೋಡಿದ. ಅದನ್ನು ಊರಲು ಆ ಊರಿನಲ್ಲಿ ಅವನದೆನ್ನುವ ಒಂದು ಗೇಣು ನೆಲ ಇರಲಿಲ್ಲ.

ಹೆಗಲು ಬದಲಿಸಿಕೊಂಡು ಅಲ್ಲೇ ನಿಂತ.