ನಡುವೆ ನೀರಿದೆ

ಎರಡನೇ ನಂಬರಿನ ಚೀಟಿಯನ್ನು ಇಷ್ಬೆಲ್ ಇನ್ನೇನು ಬೆಂಕಿಗೆ ಹಾಕಬೇಕು, ಅಷ್ಟರಲ್ಲಿ ಮಗಳು ಮೋರ್ವೆನ್ ಬಂದು ಅವಳ ಮಣಿಕಟ್ಟು ಹಿಡಿದುಕೊಂಡಳು.

“ಅಮ್ಮಾ, ಏನ್ ಮಾಡ್ತಿದೀಯ? ಅಪ್ಪ ಆಸ್ಪತ್ರೇಲಿ ಕೂತು ತಾವೇ ಬರೆದಿದ್ದು ಅದು.”

“ಕೈ ನಡುಗ್ತಿತ್ತು ಅವನಿಗೆ. ಯಾರ ಹೆಸರು ಬರೆಯೋಕೆ ಹೋಗಿ ಯಾರದ್ದು ಬಂತೋ.”

“ಎಫಿ ಲೆಯ್ಡ್‌ಲಾ ಅಂತ ದುಂಡಗೆ ಬರೆದಿದಾರೆ. ಕೆಳಗೆ ಗೆರೆ ಬೇರೆ ಎಳೆದಿದಾರೆ.”

ಆ ಗೆರೆಯೇ ಇಷ್ಬೆಲ್‌ಳನ್ನು ಬೆಳಗಿನಿಂದ ಉರಿಸುತ್ತಿದ್ದುದು. ಅವರ ಊರು ಕಿಲ್‌ಬ್ರೋರಾದಲ್ಲಿ ಸತ್ತವರ ಪೆಟ್ಟಿಗೆಯನ್ನು ಎಂಟು ಜನ ಎಂಟು ಹಗ್ಗ ಹಿಡಿದು ಮಣ್ಣಿಗೆ ಇಳಿಸುತ್ತಾರೆ. ತಲೆಯ ಕಡೆಯದು ಒಂದನೆಯದು, ಕಾಲಿನ ಕಡೆಯದು ಎರಡನೆಯದು, ಉಳಿದವು ಅಕ್ಕಪಕ್ಕಕ್ಕೆ. ಯಾರ ಮಣ್ಣಿನಲ್ಲಿ ಯಾರು ಯಾವ ಹಗ್ಗ ಹಿಡಿದರು ಎಂಬುದನ್ನು ಊರು ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ಒಂದನೆಯದಕ್ಕೆ ಅವಳ ಗಂಡ ಫಾರ್ಕರ್ ಅವಳ ಹೆಸರು ಬರೆದಿದ್ದ. ಅದರ ಕೆಳಗೆ ಗೆರೆ ಇರಲಿಲ್ಲ.

“ರಾನಲ್ಡ್‌ಗೆ ಕೊಡು ಇದನ್ನ,” ಎಂದಳು ಇಷ್ಬೆಲ್. ರಾನಲ್ಡ್ ಫಾರ್ಕರ್‌ನ ತಮ್ಮನ ಮಗ, ಐವತ್ತು ದಾಟಿದ ನಲ್ಲಿ ರಿಪೇರಿಯವನು. “ಸ್ವಂತ ರಕ್ತ ಅಲ್ವಾ ಅವನು?”

“ಅಪ್ಪ ಅವನನ್ನ ವರ್ಷಕ್ಕೊಂದ್ಸಲ ನೋಡಿದ್ರೆ ಹೆಚ್ಚು.”

“ಅವಳನ್ನ ನೋಡಿದ್ದು ಸಾಕಷ್ಟಾಯ್ತಲ್ಲ. ಇಪ್ಪತ್ತೆರಡು ವರ್ಷ.”

ಮೋರ್ವೆನ್ ತಾಯಿಯ ಮಣಿಕಟ್ಟು ಬಿಟ್ಟಳು. ಹೊರಗೆ ಕಾರು ಬಂದು ನಿಂತಿತ್ತು. ನವೆಂಬರಿನ ಮಂಕು ಬೆಳಕಿನಲ್ಲಿ ಅಂತ್ಯಕ್ರಿಯೆ ನಡೆಸುವ ಕರಿ ಟೋಪಿಯವರು ಗೇಟಿನ ಬಳಿ ಕಾಯುತ್ತಿದ್ದರು.

*

೧೯೮೩ರ ಚಳಿಗಾಲದ ಒಂದು ಮಧ್ಯಾಹ್ನ ಫಾರ್ಕರ್ ಟಲ್ಲಕ್ ಅಂಚೆ ಚೀಲವನ್ನು ಹೆಗಲಿನಿಂದ ಇಳಿಸುವ ಮೊದಲೇ ಊಟದ ಮೇಜಿನ ಮೇಲೆ ಒಂದು ನಕ್ಷೆ ಹರಡಿದ್ದ. ತಟ್ಟೆಗಳನ್ನು ಇಷ್ಬೆಲ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

“ನೋಡಿಲ್ಲಿ, ಬೆಲ್. ಪೋರ್ಟ್‌ಲೆನ್ ನಮ್ಮ ಜೊತೆ ಸೇರ್ತು!”

ಅಲ್ಲಿಯವರೆಗೆ ಲಂಡನ್ನಿನ ಸಂಸತ್ತಿಗೆ ಹೋಗುವ ಸದಸ್ಯನನ್ನು ಕಿಲ್‌ಬ್ರೋರಾ ಮತ್ತು ಅದರ ಹಿಂದಿನ ಹಳ್ಳಿಗಳು ಆರಿಸುತ್ತಿದ್ದವು. ಅಳಿವೆಯ ಆಚೆ ದಡದ ಪೋರ್ಟ್‌ಲೆನ್ ಬೇರೆ ಕ್ಷೇತ್ರ, ಮೀನುಗಾರರ ಊರು, ಬೇರೆಯೇ ಬೈಗುಳ. ಫಾರ್ಕರ್ ಪಕ್ಷದ ಸ್ಥಳೀಯ ಶಾಖೆಯ ಕಾರ್ಯದರ್ಶಿ. ಅವನ ಶಾಖೆ ಮೂರು ಚುನಾವಣೆ ಸೋತಿತ್ತು. ಕ್ಷೇತ್ರಗಳ ಪುನರ್‌ವಿಂಗಡಣೆಯಲ್ಲಿ ಆ ಬಲೆಗಾರರ ಓಟುಗಳು ಈ ಕಡೆ ಬಂದರೆ ಗೆಲ್ಲಬಹುದೆಂಬುದು ಅವನ ಲೆಕ್ಕ. ಬೆರಳಿನಿಂದ ನೀರಿನ ಮೇಲೆ ಗೆರೆ ಎಳೆದು, ಸೇತುವೆ ದಾಟಿ, ಆ ದಡ ಮುಟ್ಟಿದ.

“ಅಲ್ಲಿನ ಶಾಖೆ ನೋಡ್ಕೊಳ್ಳೋರು ಒಬ್ಬರು ಮಿಸ್ ಲೆಯ್ಡ್‌ಲಾ ಅಂತೆ. ನಾಳೆ ಹೋಗಿ ಮಾತಾಡ್ತೀನಿ.”

“ಮಿಸ್ಸಾ?”

“ಹ್ಞೂಂ, ಮದುವೆ ಆಗಿಲ್ಲ. ಯಾಕೆ?”

“ಏನಿಲ್ಲ. ತಟ್ಟೆ ಇಡ್ಬೇಕು, ಸುತ್ತಿಡು ಅದನ್ನ.”

ಫಾರ್ಕರ್ ಹೋದ. ಆಮೇಲೆ ವಾರಕ್ಕೆರಡು ಸಂಜೆ ಹೋಗುವುದು ವಾಡಿಕೆಯಾಯಿತು. ಚುನಾವಣೆ ಹತ್ತಿರ ಬಂದಾಗ ದಿನವೂ. ಆ ಸಲ ಅವರು ಗೆದ್ದರು. ಮತ ಎಣಿಕೆ ನಡೆದ ಪುರಭವನದಲ್ಲಿ ಇಷ್ಬೆಲ್ ಎಫಿಯನ್ನು ಮೊದಲ ಬಾರಿ ನೋಡಿದಳು. ಎತ್ತರದ ಹೆಂಗಸು, ದೊಡ್ಡ ಕೈಗಳು, ಗಂಡಸರ ಕೋಟು. ಚೆಲುವೆಯೇನಲ್ಲ. ಚೆಲುವೆಯಾಗಿದ್ದರೆ ಇಷ್ಬೆಲ್ ಇಷ್ಟು ಹೆದರುತ್ತಿರಲಿಲ್ಲವೇನೋ. ಫಾರ್ಕರ್ ಎಫಿಯ ಕಿವಿಯಲ್ಲಿ ಏನೋ ಅಂದ. ಅವಳು ತಲೆ ಹಿಂದಕ್ಕೆಸೆದು ನಕ್ಕಳು. ಅವನು ಮನೆಯಲ್ಲಿ ಎಂದೂ ಅಂಥ ನಗು ಬರುವ ಮಾತು ಆಡಿದವನಲ್ಲ.

ಬಳಿಕ ಊಟದ ಮೇಜಿನಲ್ಲಿ “ಎಫಿ ಹೇಳ್ತಾಳೆ” ಎಂಬುದು ಶುರುವಾಯಿತು. ಎಫಿ ಹೇಳ್ತಾಳೆ, ಮಳೆ ಬಂದ್ರೆ ನಮ್ಮವರು ಓಟಿಗೆ ಬರಲ್ಲ. ಎಫಿ ಹೇಳ್ತಾಳೆ, ಮಗಳನ್ನ ಲೆಕ್ಕದ ವಿಷಯಕ್ಕೆ ಹಾಕು. ಒಂದು ದಿನ ಹುರಿದ ಹೆರಿಂಗ್ ಮೀನನ್ನು ಬಾಯಿಗಿಡುತ್ತ, “ಮೀನಿಗೆ ಹಚ್ಚೋ ಓಟ್ಸ್ ಹಿಟ್ಟು ಇನ್ನೂ ತರಿಯಾಗಿರ್ಬೇಕಂತೆ, ಆ ಕಡೆಯವರು ಹಾಗೇ ಮಾಡೋದು” ಎಂದುಬಿಟ್ಟ. ಇಷ್ಬೆಲ್ ಊರಿನ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ಮಕ್ಕಳಿಗೆ ಅಡುಗೆ ಮಾಡುವವಳು. ಅವಳು ಎದ್ದು ಹೋಗಿ ಅವನ ತಟ್ಟೆಯಲ್ಲಿದ್ದುದನ್ನು ಬೆಕ್ಕಿಗೆ ಹಾಕಿದಳು. ಮುಂದೆ ಆ ಮನೆಯಲ್ಲಿ ಹೆರಿಂಗ್ ಬೇಯಲೇ ಇಲ್ಲ.

ಅವಳು ಏನನ್ನೂ ಕಣ್ಣಾರೆ ಕಂಡಿರಲಿಲ್ಲ. ಅವನ ಕೋಟಿನಲ್ಲಿ ಕೂದಲಾಗಲಿ, ಜೇಬಿನಲ್ಲಿ ಪತ್ರವಾಗಲಿ ಸಿಕ್ಕಿರಲಿಲ್ಲ, ಹುಡುಕಿದ್ದಂತೂ ನಿಜ. ಸಿಕ್ಕಿದ್ದು ಬರೀ ಡಾಂಬರಿನ ವಾಸನೆ.

*

ಚರ್ಚಿನಲ್ಲಿ ಪಾದ್ರಿ ಫಾರ್ಕರ್‌ನ ಎಂಬತ್ತೊಂದು ವರ್ಷಗಳನ್ನು ಕಾಲು ಗಂಟೆಯಲ್ಲಿ ಮುಗಿಸಿದರು. ನಲವತ್ತು ವರ್ಷ ಅಂಚೆ ಹಂಚಿದ್ದು, ನಾಯಿಗಳೆಲ್ಲ ಪರಿಚಯವಿದ್ದದ್ದು, ಈರುಳ್ಳಿ ಜಾತಿಯ ಲೀಕ್ ಗಿಡ ಬೆಳೆಸಿ ಬಹುಮಾನ ಪಡೆದದ್ದು. ರಾಜಕೀಯದ ವಿಷಯ ಒಂದೇ ವಾಕ್ಯ. ಹಿಂದಿನ ಸಾಲಿನಲ್ಲಿ ಇಬ್ಬರು ಹಳೆಯ ಕಾರ್ಯಕರ್ತರು ಪಿಸುಗುಟ್ಟಿದರು.

“ಹೊಸ ನಕ್ಷೆ ನೋಡಿದ್ಯಾ? ಪೋರ್ಟ್‌ಲೆನ್ ಮತ್ತೆ ನಮ್ಮ ಜೊತೆಗೆ.”

“ಫಾರ್ಕರ್‌ಗೆ ಗೊತ್ತಾಗಿತ್ತಾ ಪಾಪ?”

“ಸಾಯೋಕೆ ನಾಲ್ಕು ದಿನ ಮೊದಲು ಪೇಪರಲ್ಲಿ ಬಂತಲ್ಲ. ಓದಿರ್ತಾನೆ ಬಿಡು.”

ಓದಿದ್ದ. ಓದಿ, ಪೇಪರನ್ನು ಮಡಚಿ, ನರ್ಸ್‌ ಹತ್ತಿರ ಪೆನ್ನು ಕೇಳಿ ಹಗ್ಗದ ಚೀಟಿಗಳನ್ನು ಬರೆದಿದ್ದ. ಇಷ್ಬೆಲ್ ಪಕ್ಕದಲ್ಲೇ ಕೂತಿದ್ದಳು.

ಸ್ಮಶಾನದಲ್ಲಿ ಗಾಳಿ ಸಮುದ್ರದ ಕಡೆಯಿಂದ ನೇರ ಬೀಸುತ್ತಿತ್ತು. ಎಫಿ ಲೆಯ್ಡ್‌ಲಾ ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ಕೋಲು ಹಿಡಿದಿದ್ದಳು, ಬೆನ್ನು ಮಾತ್ರ ನೆಟ್ಟಗಿತ್ತು. ಎಡಗೈಗೆ ಗವಸು ಇತ್ತು. ಬಲಗೈಯದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದಳು. ಆ ಚಳಿಯಲ್ಲಿ ಬೆರಳುಗಳು ಕೆಂಪಗಾಗಿದ್ದವು.

ಇಷ್ಬೆಲ್‌ಗೆ ತಕ್ಷಣ ಅರ್ಥವಾಯಿತು. ಹಗ್ಗ ಹಿಡಿಯುವವರು ಗವಸು ಬಿಚ್ಚುತ್ತಾರೆ. ಎಫಿಗೆ ಗೊತ್ತಿದೆ, ಫಾರ್ಕರ್ ಅವಳಿಗೆ ಹೇಳಿದ್ದಾನೆ. ಹೆಂಡತಿ ಕಾಫಿ ತರಲು ಹೋದ ಹೊತ್ತು ನೋಡಿ ಫೋನ್ ಮಾಡಿರಬೇಕು.

“ಒಂದನೇ ಹಗ್ಗ,” ಎಂದು ಅಂತ್ಯಕ್ರಿಯೆಯ ಏರ್ಪಾಟು ನೋಡುವ ಮಿಸ್ಟರ್ ಪಿರಿ ಕರೆದ. ಇಷ್ಬೆಲ್ ಮುಂದೆ ಹೋದಳು.

“ಎರಡನೇ ಹಗ್ಗ.”

ಎಫಿ ಕೋಲನ್ನು ಪಕ್ಕದವರ ಕೈಗೆ ಕೊಟ್ಟು ಒಂದು ಹೆಜ್ಜೆ ಮುಂದಿಟ್ಟಳು. ಅದೇ ಹೊತ್ತಿಗೆ ಆ ಕಡೆಯಿಂದ ರಾನಲ್ಡ್ ಕೆಮ್ಮುತ್ತ ಬಂದು ಹಗ್ಗದ ತುದಿಯ ಗೊಂಡೆ ಹಿಡಿದುಕೊಂಡ. ಮಿಸ್ಟರ್ ಪಿರಿ ಕೈಯಲ್ಲಿದ್ದ ಪಟ್ಟಿಯನ್ನೂ ರಾನಲ್ಡ್‌ನನ್ನೂ ನೋಡಿ, ಕೊನೆಗೆ ವಿಧವೆಯ ಕಡೆ ತಿರುಗಿದ. ಅವನ ಹುಬ್ಬು ಮೇಲಕ್ಕೆ ಹೋಯಿತು. ಒಂದು ಮಾತು ಆಡಿದ್ದರೆ ಸಾಕಿತ್ತು. ಇಷ್ಬೆಲ್ ಆಡಲಿಲ್ಲ. “ಮೂರನೇ ಹಗ್ಗ,” ಎಂದ ಪಿರಿ.

ಎಫಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ನಿಧಾನವಾಗಿ, ಒಂದೊಂದೇ ಬೆರಳಾಗಿ ಗವಸು ಹಾಕಿಕೊಂಡಳು.

ಪೆಟ್ಟಿಗೆ ಇಳಿಯಿತು. ಭಾರ ಇಷ್ಬೆಲ್ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು.

*

೨೦೦೨ರಲ್ಲಿ ಮತ್ತೆ ಗಡಿ ಬರೆಯುವವರು ಬಂದರು. ಎರಡು ಊರನ್ನು ಬೇರೆ ಮಾಡುವ ಪ್ರಸ್ತಾಪ. ಆಕ್ಷೇಪಣೆ ಇದ್ದವರೂ ಒಪ್ಪಿಗೆ ಇದ್ದವರೂ ಪತ್ರ ಬರೆಯಬಹುದು, ಕೊನೆಗೆ ಬಹಿರಂಗ ವಿಚಾರಣೆ. ಫಾರ್ಕರ್ ಆರು ವಾರ ನೆಟ್ಟಗೆ ನಿದ್ದೆ ಮಾಡಲಿಲ್ಲ. ಬೇಡ ಎಂದು ವಾದಿಸಲು ಹನ್ನೊಂದು ಪುಟದ ಭಾಷಣ ಸಿದ್ಧ ಮಾಡಿದ. ಅದಕ್ಕಾಗಿ ವಾರಕ್ಕೆ ಐದು ಸಂಜೆ ಆ ದಡಕ್ಕೆ ಹೋದ.

ಐದನೇ ಸಂಜೆ ಇಷ್ಬೆಲ್ ಕಾಗದ ತೆಗೆದುಕೊಂಡಳು. ತವರಿನ ಹೆಸರು ಹಾಕಿ, ಅಕ್ಕನ ಮನೆಯ ವಿಳಾಸ ಕೊಟ್ಟು ಬರೆದಳು: ‘ಈ ಎರಡು ಊರಿನ ಜನಕ್ಕೆ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ನಡುವೆ ನೀರಿದೆ. ಅದು ಸುಮ್ಮನೆ ಇಲ್ಲ. ದಯವಿಟ್ಟು ನಮ್ಮನ್ನು ಬೇರೆ ಮಾಡಿ.’

ಬೇರೆ ಮಾಡಿದರು. ಪೋರ್ಟ್‌ಲೆನ್ ತೆಂಕಣ ಕ್ಷೇತ್ರಕ್ಕೆ ಹೋಯಿತು, ಕಿಲ್‌ಬ್ರೋರಾವನ್ನು ಒಳನಾಡಿನ ಗುಡ್ಡಗಳಿಗೆ ಅಂಟಿಸಿದರು. ಕ್ಷೇತ್ರದ ಹೆಸರಿನಿಂದ ಊರಿನ ಹೆಸರೂ ಹೋಯಿತು. ಮುಂದಿನ ಚುನಾವಣೆಯಲ್ಲಿ ಸೋತ ಮೇಲೆ ಫಾರ್ಕರ್ ಶಾಖೆಯ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟು ಮನೆಗೆ ಬಂದ. ಸಂಜೆಗಳೆಲ್ಲ ಇಷ್ಬೆಲ್‌ಗೆ ಸಿಕ್ಕವು. ಅವನು ಬೆಂಕಿಯ ಮುಂದೆ ಕೂತು ಲೀಕ್ ಬೀಜದ ಪಟ್ಟಿ ಓದುತ್ತಿದ್ದ. ಕರೆದರೆ ಓಗೊಡುತ್ತಿದ್ದ. ಆದರೂ ಅವನು ತಲೆ ಎತ್ತಿ ಬೆಂಕಿ ನೋಡಿದಾಗಲೆಲ್ಲ ಅವಳಿಗೆ ಆ ಹೆಂಗಸಿನ ನಗು ಕೇಳಿದಂತಾಗುತ್ತಿತ್ತು.

*

ಮಣ್ಣು ಮುಗಿಸಿ ಬಂದವರಿಗೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಾಂಸದ ಪೈ, ಆಲೂಗಡ್ಡೆ, ಚಹಾ. ಜನ ಬೆಚ್ಚಗಾದಂತೆ ದನಿಗಳು ಏರಿದವು. ಎಫಿ ತಟ್ಟೆ ಮುಟ್ಟದೆ, ಕೋಲೂರಿಕೊಂಡು ನೇರವಾಗಿ ಇಷ್ಬೆಲ್‌ಳ ಮೇಜಿಗೆ ಬಂದಳು. ಸುತ್ತಲಿನವರು ತಮ್ಮ ತಮ್ಮ ತಟ್ಟೆಗಳಲ್ಲಿ ಏನೋ ಹುಡುಕತೊಡಗಿದರು.

“ಕೂತ್ಕೋಬಹುದಾ, ಮಿಸೆಸ್ ಟಲ್ಲಕ್?”

“ಕುರ್ಚಿ ಹೋಟ್ಲಿನದು.”

ಎಫಿ ಕೂತಳು. “ಹಗ್ಗದ ವಿಷಯಕ್ಕೆ ಬಂದಿಲ್ಲ ನಾನು. ಅದು ನಿಮ್ಮ ಹಕ್ಕು.”

“ಮತ್ತೆ ಯಾವ ವಿಷಯಕ್ಕೆ?”

“ಪತ್ರದ ವಿಷಯಕ್ಕೆ.”

ಇಷ್ಬೆಲ್‌ಳ ಕೈಯಲ್ಲಿದ್ದ ಚಮಚ ನಿಂತಿತು.

“ವಿಚಾರಣೆ ದಿನ ಬಂದ ಪತ್ರಗಳನ್ನೆಲ್ಲ ನಕಲು ಮಾಡಿ ಒಂದು ಕಟ್ಟು ಕೊಟ್ಟಿದ್ರು,” ಎಂದಳು ಎಫಿ. “ಅವನು ನನ್ನ ಪಕ್ಕ ಕೂತು ಪುಟ ತಿರುವ್ತಿದ್ದ. ಒಂದು ಕಡೆ ನಿಂತ. ಹೆಸರು ಯಾರದ್ದೋ ಇತ್ತು. ಅವನ ಕಿವಿ ಕೆಂಪಾಯ್ತು. ಮೂವತ್ತು ವರ್ಷ ಊರಿನವರ ಕೈಬರಹ ಓದಿದವನು, ಹೆಂಡತಿದು ಗೊತ್ತಾಗಲ್ವಾ?”

“ನಿಮಗೆ ಹೇಳಿದ್ನಾ?” ಇಷ್ಬೆಲ್ ಚಮಚ ಕೆಳಗಿಟ್ಟಳು. “ನನಗೆ ಇಪ್ಪತ್ತು ವರ್ಷ ಒಂದ್ ಮಾತು ಆಡ್ಲಿಲ್ಲ, ನಿಮಗೆ ಹೇಳಿದ್ನಾ?”

“ಅಯ್ಯೋ, ಇಲ್ಲ. ಆ ವರ್ಷ ನಿಮ್ಮ ಮನೆಯಿಂದ ಬಂದ ಕ್ರಿಸ್‌ಮಸ್ ಕಾರ್ಡಿನ ಮೇಲೆ ವಿಳಾಸ ನೀವು ಬರೆದಿದ್ರಿ. ಆ ಪತ್ರದ ನಕಲಿನ ಪಕ್ಕದಲ್ಲಿಟ್ಟು ನೋಡಿದೆ. ಅವನು ನನ್ನ ಹತ್ರ ಅದರ ಮಾತೇ ಎತ್ತಲಿಲ್ಲ.” ಎಫಿ ಮೇಜಿನ ಬಟ್ಟೆ ಸವರಿದಳು. “ಆ ದಿನ ವಿಚಾರಣೇಲಿ ಅವನ ಹೆಸರು ಕರೆದ್ರು. ಹನ್ನೊಂದು ಪುಟ, ನಾನೇ ಟೈಪ್ ಮಾಡಿದ್ದು. ಎದ್ದು ನಿಂತ. ‘ನಾನು ಹೇಳೋದೇನೂ ಇಲ್ಲ’ ಅಂದು ಕೂತುಬಿಟ್ಟ. ನಮ್ಮ ಕ್ಷೇತ್ರ ಹೋಗಿದ್ದು ಆ ಒಂದು ಮಾತಿಗೆ. ನನಗೆಷ್ಟು ಹೊಟ್ಟೆ ಉರೀತು ಗೊತ್ತಾ? ಕ್ಷೇತ್ರಕ್ಕಲ್ಲ. ನಿಮ್ಮ ನಾಲ್ಕು ಸಾಲು ನನ್ನ ಹನ್ನೊಂದು ಪುಟಾನ ಹೊಡೆದುಹಾಕಿತ್ತಲ್ಲ, ಅದಕ್ಕೆ.”

ನಲವತ್ತು ವರ್ಷದಿಂದ ಇಷ್ಬೆಲ್‌ಳ ನಾಲಿಗೆಯ ಮೇಲಿದ್ದ ಪ್ರಶ್ನೆ ತಾನಾಗಿಯೇ ಬಂತು.

“ನಿಮ್ಮಿಬ್ಬರ ನಡುವೆ...”

“ಅವನು ಕೇಳಿದ್ರೆ ನಾನು ಇಲ್ಲ ಅಂತಿರ್ಲಿಲ್ಲ,” ಎಂದಳು ಎಫಿ. “ಅವನು ಕೇಳಲಿಲ್ಲ.”

ಆಚೆ ಮೇಜಿನಲ್ಲಿ ರಾನಲ್ಡ್ ಎರಡನೇ ಸಲ ಪೈ ಬಡಿಸಿಕೊಳ್ಳುತ್ತಿದ್ದ. ಇಷ್ಬೆಲ್‌ಗೆ ಒಮ್ಮೆ ಅವನ ಕೈಯಿಂದ ತಟ್ಟೆ ಕಿತ್ತುಕೊಳ್ಳಬೇಕೆನ್ನಿಸಿತು.

“ನಿಮ್ಮ ಬಸ್ಸು ಹೋಯ್ತು,” ಎಂದಳು ಗಡಿಯಾರ ನೋಡಿ. “ಮೋರ್ವೆನ್ ಬಿಟ್ಟು ಬರ್ತಾಳೆ. ನಾನೂ ಬರ್ತೀನಿ.”

*

ಕಾರು ಸೇತುವೆ ದಾಟಿತು. ಇಷ್ಬೆಲ್ ಆ ದಡಕ್ಕೆ ಹೋಗಿ ಎಷ್ಟು ವರ್ಷವಾಗಿತ್ತೆಂದರೆ, ಮಗಳು ಎರಡು ಸಲ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದಳು.

“ನೀವು ಕೆಲಸ ಮಾಡ್ತಿದ್ದ ಜಾಗ ಇನ್ನೂ ಇದೆಯಾ?” ಎಂದು ಇಷ್ಬೆಲ್ ಕೇಳಿದಳು.

“ಇದೆ. ನಮ್ಮಣ್ಣನ ಬಲೆ ಗೋದಾಮಿನ ಮೇಲೆ. ಈಗ ನಾನೊಬ್ಬಳೇ ಹೋಗೋದು, ನಾಲ್ಕು ತಿಂಗಳಿಂದ ಬೀಗ ತೆಗೆದಿಲ್ಲ.”

ಮೋರ್ವೆನ್ ಕಾರಿನಲ್ಲೇ ಉಳಿದಳು. ಇಬ್ಬರು ಮುದುಕಿಯರು ಕಡಿದಾದ ಮರದ ಮೆಟ್ಟಿಲನ್ನು ಒಬ್ಬರ ಹಿಂದೊಬ್ಬರು ಹತ್ತಿದರು. ದೀಪದ ಮಬ್ಬು, ಮೆತ್ತನೆಯ ಆಸನ, ಗಾಜಿನ ಲೋಟಗಳು: ಇಷ್ಬೆಲ್ ಮನಸ್ಸಿನಲ್ಲಿ ಆ ಕೋಣೆಯನ್ನು ಸಾವಿರ ಸಲ ಸಜ್ಜು ಮಾಡಿದ್ದಳು. ಬಾಗಿಲು ತೆರೆದಾಗ ಅಲ್ಲಿ ಒಂದು ಉದ್ದನೆಯ ಮೇಜು, ಎರಡು ಬೆತ್ತದ ಕುರ್ಚಿ, ಕೋಣೆ ಬೆಚ್ಚಗಿಡುವ ಒಂದು ಕರೆಂಟ್ ಒಲೆ ಇದ್ದವು. ಕೆಳಗಿನಿಂದ ಬಲೆಗಳಿಗೆ ಬಳಿದ ಡಾಂಬರಿನ ವಾಸನೆ ಹಲಗೆಗಳ ಸಂದಿಯಲ್ಲಿ ಏರಿ ಬರುತ್ತಿತ್ತು.

“ಅವನೆಲ್ಲಿ ಕೂರ್ತಿದ್ದ?”

ಎಫಿ ಕಿಟಕಿಗೆ ಮುಖ ಮಾಡಿದ್ದ ಕುರ್ಚಿಯನ್ನು ಕೋಲಿನಿಂದ ತೋರಿಸಿದಳು. “ಅದೇ ಬೇಕು ಅಂತಿದ್ದ. ಒಂದಿನವೂ ಬದಲಾಯಿಸ್ಲಿಲ್ಲ.”

ಇಷ್ಬೆಲ್ ಕೂತಳು. ಗಾಜಿನಾಚೆ ಅಳಿವೆ ಸೀಸದ ಬಣ್ಣಕ್ಕೆ ತಿರುಗಿತ್ತು. ನೀರಿನ ಆ ಕಡೆ ಕಿಲ್‌ಬ್ರೋರಾದ ದಡದ ಮನೆಗಳು ಸಾಲಾಗಿ ದೀಪ ಹಚ್ಚಿದ್ದವು. ಎಡದಿಂದ ನಾಲ್ಕನೆಯದು ಅವಳ ಅಡುಗೆಮನೆ. ಪಾತ್ರೆ ತೊಳೆಯಲು ನೆರೆಯವರು ಯಾರೋ ಬಂದಿರಬೇಕು. ಕಿಟಕಿಯ ಹಳದಿ ಚೌಕದಲ್ಲಿ ಒಂದು ನೆರಳು ಆ ಕಡೆ ಹೋಗುತ್ತಿತ್ತು, ಈ ಕಡೆ ಬರುತ್ತಿತ್ತು.

ಎಫಿ ಕಾಲಿನಿಂದ ಒಲೆಯ ಗುಂಡಿ ಒತ್ತಿ, ಕೋಟು ಬಿಚ್ಚದೆ, ಕಿಟಕಿಗೆ ಬೆನ್ನು ಹಾಕಿದ್ದ ತನ್ನ ಕುರ್ಚಿಯಲ್ಲಿ ಕೂತುಕೊಂಡಳು. ಹಿಂದೆ ತಿರುಗಿ ನೋಡಲಿಲ್ಲ.