ಇಲ್ಲದ ಚೆಂಡು

"ಏ ಕರಿಯಾ, ಕುಣಿಯಲೇ! ಟಿಕೀಟು ತಗಂಡಿರಾದು ನಿನ್ ಮುಸುಡಿ ನೋಡಾಕಾ?"

ಹತ್ತಿ ಗಿರಣಿಯ ಧಣಿ ಹ್ಯಾಸ್ಕೆಲ್ ನೆರಳಿನ ಅಟ್ಟಣೆಯಿಂದ ಕೂಗಿದ. ಬಿಸಿಲಲ್ಲಿದ್ದ ಓಡೆಲ್ ಪಿಕೆನ್ಸ್ ಕುಣಿದ. ಜಾರ್ಜಿಯಾದ ಈ ಸೀಮೆಯಲ್ಲಿ ಬಿಳಿಯರ ಊರಿನ ಮೇಲೆ ಬೇಸ್‌ಬಾಲ್ ಆಡಲು ಬಂದ ಕರಿಯರ ತಂಡ ಮೊದಲು ನಗಿಸಬೇಕು, ಆಮೇಲೆ ಸೋಲಬೇಕು. ತಪ್ಪಿ ಗೆದ್ದರೂ ಕೂದಲೆಳೆಯಷ್ಟೇ ಗೆಲ್ಲಬೇಕು. ಅರ್ಧ ಆಯುಷ್ಯ ಚೆಂಡೆಸೆದಿದ್ದ ಓಡೆಲ್, ಎಷ್ಟು ಜೋರಾಗಿ ಎಸೆಯಬಾರದು ಎಂಬುದರಲ್ಲೇ ಹೆಚ್ಚು ಪಳಗಿದ್ದ.

ಇಂದು ಬ್ಯಾಟು ಹಿಡಿದು ನಿಂತವನು ಧಣಿಯ ಮಗ ಡ್ವೈಟ್. ಅವನನ್ನು ನೋಡಿ ಆರಿಸಿಕೊಳ್ಳಲು ಉತ್ತರದ ದೊಡ್ಡ ತಂಡವೊಂದರಿಂದ ಬಂದವನು ಧಣಿಯ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಆ ತಂಡದಲ್ಲಿ ಕರಿಯರಿಗೆ ಬೂಟು ಒರೆಸುವ ಕೆಲಸವಿತ್ತು.

ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಲೀಟಸ್ ಓಡೆಲ್‌ನ ಹತ್ತಿರ ಬಂದ. "ಅಣ್ಣಾ, ಮೆತ್ತಗಿರಾದೊಂದು ಹಾಕು. ಬಾರಿಸ್ಕಂಡು ಹೋಗ್ಲಿ. ನಮ್ ಬಸ್ಸು ಈ ಊರ್ ದಾಟ್ಬೇಕು."

"ಆ ಉತ್ತರದೋನು ಆಟ ಬಲ್ಲೋನು. ಒಂದ್ಸಲ ನಾನ್ ಎಸೆಯಾದು ನೋಡ್ಲಿ."

"ಅವ್ನು ನಿನ್ ನೋಡಾಕ್ ಬಂದಿಲ್ಲ ಕಣೋ."

"ಗೊತ್ತು. ಕಣ್ಣಂತೂ ತಂದವ್ನೆ ತಾನೆ?"

ಮೊದಲ ಚೆಂಡು ನೆಟ್ಟಗೆ ಬಂತು. ಡ್ವೈಟ್ ಕಂಬದಂತೆ ನಿಂತಿದ್ದ.

"ಹೊರಗೆ!" ಎಂದ ಅಂಪೈರ್ ವೀವರ್. ಅವನು ಹ್ಯಾಸ್ಕೆಲ್‌ನ ಗಿರಣಿಯಲ್ಲಿ ಗುಮಾಸ್ತ. ಚೆಂಡು ಗುರಿ ತಪ್ಪಿ ಹೊರಗೆ ಹೋಯಿತೆಂದು ನಾಲ್ಕು ಸಲ ಕೂಗಿದರೆ, ಬಾರಿಸದೆಯೇ ಹುಡುಗನಿಗೆ ಮೊದಲ ನೆಲೆಗೆ ಪುಕ್ಕಟೆ ದಾರಿ.

ಎರಡನೆಯದು ಇನ್ನೂ ನೆಟ್ಟಗೆ. "ಹೊರಗೆ!"

"ಸಾಮಿ, ನಡೂಮಧ್ಯದಾಗೇ ಬಂತು," ಎಂದ ಕ್ಲೀಟಸ್, ಕತ್ತು ತಿರುಗಿಸದೆ.

"ನನ್ ಕಣ್ಣು ಪರೀಕ್ಷೆ ಮಾಡ್ತೀಯೇನ್ಲಾ, ಸೂಳೆಮಗನೆ?"

ಮೂರನೆಯದೂ ಹೊರಗೇ ಹೋಯಿತು, ವೀವರ್‌ನ ಬಾಯಲ್ಲಿ. ಉತ್ತರದವನು ಕಡಲೆಕಾಯಿಯಿಂದ ತಲೆ ಎತ್ತಲಿಲ್ಲ.

ಓಡೆಲ್ ಕ್ಲೀಟಸ್‌ನ ಮುಖ ನೋಡಿದ. ಚೆಂಡನ್ನು ಎಡಗೈಯ ಗವುಸಿನೊಳಗೆ ಒತ್ತಿಹಿಡಿದು, ಬರಿಯ ಬಲಗೈಯನ್ನು ಹಿಂದಕ್ಕೊಯ್ದು, ಕಾಲೆತ್ತಿ, ಮೈಯೆಲ್ಲ ಹಾಕಿ ಎಸೆದ. ಊರೂರಲ್ಲಿ ಜನರನ್ನು ನಗಿಸಲು ಅವರಿಬ್ಬರೂ ಮಾಡುತ್ತಿದ್ದ ಕಸರತ್ತು ಅದು: ಚೆಂಡಿಲ್ಲದೆ ಚೆಂಡಾಟ. ಆಟದ ನಡುವೆ ಯಾರೂ ಮಾಡಿದವರಿಲ್ಲ. ಕ್ಲೀಟಸ್ ಒಂದು ಗಳಿಗೆ ತಡೆದ. ಆಮೇಲೆ ಗವುಸನ್ನು ಎದೆಮಟ್ಟಕ್ಕೆ ತಂದು ಮುಷ್ಟಿಯಿಂದ ಠಪ್ಪನೆ ಗುದ್ದಿದ.

"ಹೊರಗೆ!" ವೀವರ್ ಕೂಗಿದ. "ಒಂದ್ ಮಾರು ಹೊರಗೆ!"

ಕ್ಲೀಟಸ್ ಎದ್ದುನಿಂತು ಗವುಸನ್ನು ಬೋರಲು ಹಾಕಿ ಕೊಡವಿದ. ಅಂಪೈರಿಗೆ ತೋರಿಸಿದ, ಆಮೇಲೆ ಅಟ್ಟಣೆಗೂ ತೋರಿಸಿದ.

ಹಗ್ಗದಾಚೆ ನಿಲ್ಲಿಸಿದ್ದ ಕರಿಯರ ಗುಂಪಿನಲ್ಲಿ ಮುದುಕಿಯೊಬ್ಬಳು ಕಿಸಕ್ಕೆಂದಳು. ಬಿಳಿಯರೂ ನಕ್ಕರು; ಯಾರನ್ನು ನೋಡಿ ನಗುತ್ತಿದ್ದೇವೆಂದು ತಿಳಿಯುತ್ತಲೇ ನಿಲ್ಲಿಸಿದರು. ಮುದುಕಿ ನಿಲ್ಲಿಸಲಿಲ್ಲ.

"ಆ ಮುದಿ ಹಡಬೆ ಬಾಯಿ ಮುಚ್ಚಸ್ರೋ!" ಹ್ಯಾಸ್ಕೆಲ್ ಎದ್ದ. ಗಿರಣಿಯ ಆಳುಗಳಿಬ್ಬರು ಇಳಿದು ಹೋಗಿ ತಂಡದ ಬಸ್ಸಿಗೆ ಅಡ್ಡ ನಿಂತರು.

ಡ್ವೈಟ್ ಬ್ಯಾಟನ್ನು ದೊಣ್ಣೆಯಂತೆ ಹಿಡಿದು ಮುಂದೆ ಬಂದ. "ಚೆಂಡೆಲ್ಲೋ, ಕರಿಯಾ?"

"ಇಲ್ಲೈತೆ ಧಣಿ." ಓಡೆಲ್ ಗವುಸಿನಿಂದ ತೆಗೆದು ತೋರಿಸಿದ. "ಹಿಂದಕ್ ಹೋಗಿ ನಿಂತ್ಕಳಿ. ಈಗ ಬರಾದು ಎಲ್ರಿಗೂ ಕಾಣ್ತದೆ."

ಉತ್ತರದವನ ಕೈ ಕಡಲೆಕಾಯಿಯ ಚೀಲದಲ್ಲೇ ನಿಂತಿತ್ತು. ಅವನು ನೋಡುತ್ತಿದ್ದ.

ಡ್ವೈಟ್ ಹಿಂದಕ್ಕೆ ಹೋಗಲಿಲ್ಲ. ಓಡೆಲ್ ಎಸೆಯಲು ಕಾಲೆತ್ತಿದ.