ಗಾಯಕರ ಕಾಲಂ

ಅಮ್ಮನ ಹೆಸರನ್ನು ಫೋನಿನಲ್ಲಿ ಇನ್ನೊಮ್ಮೆ ಒತ್ತಿ ಹುಡುಕಿ, ಲಿಸ್ಟಮ್ಮನ ಅಕ್ಕನ ಮಗಳು ತಲೆಯೆತ್ತಿದಳು.

"ಹಾಡು ಬರ್ತಾನೇ ಇಲ್ಲ ಚಿಕ್ಕಮ್ಮ. ಇದೇ ಹೆಸರಿನ ಇನ್ಯಾವಳೋ ಕುಣಿಯೋದು ಬರ್ತಿದೆ."

ಲಿಸ್ಟಮ್ಮ ಶವಪೆಟ್ಟಿಗೆಯ ಅಂಚಿನಲ್ಲಿ ಸರಿಯಾಗಿಯೇ ಇದ್ದ ಹೂಗಳನ್ನು ಮತ್ತೆ ಸರಿಮಾಡಿದಳು. ಮೂವತ್ತೊಂದು ವರ್ಷ ಹಾಡಿನ ಕಂಪನಿಯಲ್ಲಿ ಪಟ್ಟಿ ಬರೆದು ಬರೆದು ಅಂಟಿದ ಹೆಸರು ಅದು; ಆಫೀಸಿನಿಂದ ಮನೆಯವರೆಗೂ ಬಂದಿತ್ತು. ಪೆಟ್ಟಿಗೆಯೊಳಗೆ ಮಲಗಿದ್ದ ಅಕ್ಕ ಅದೇ ಕಂಪನಿಯ ಕ್ಯಾಸೆಟ್ಟುಗಳಿಗೆ ಕೋರಸ್ ಹಾಡಿದವಳು.

"ನೆಟ್‌ವರ್ಕ್ ಇಲ್ವೇನೋ ಕಣೇ."

"ಫುಲ್ ಇದೆ. ಹಾಕ್ಸಿದ್ದು ನೀನೇ ತಾನೆ? ಹೇಗೆ ಹುಡುಕ್ಬೇಕು ಹೇಳು."

ಚಿತಾಗಾರದ ಉಸ್ತುವಾರಿಯವನು ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡ. "ಇನ್ನು ಇಪ್ಪತ್ತು ನಿಮಿಷ ಮೇಡಂ. ಮುಂದಿನ ಪಾರ್ಟಿಯವರು ಬಂದು ಕೂತಿದಾರೆ. ಹಾಡು ಸಿಗ್ಲಿಲ್ಲ ಅಂದ್ರೆ ನಮ್ಮದೇ ಕೊಳಲು ಇದೆ, ಹಾಕ್ಬಿಡ್ತೀನಿ. ಎಲ್ಲರಿಗೂ ಅದೇ ಹಾಕೋದು, ಇದುವರೆಗೆ ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ."

"ಕೊಳಲು ಬೇಡ. ಅಮ್ಮನ ಹಾಡೇ ಆಗಬೇಕು. ಅವಳು ಕೇಳಿದ್ದು ಅದೊಂದೇ." ಹುಡುಗಿ ಚಿಕ್ಕಮ್ಮನ ಕಡೆ ತಿರುಗಿದಳು. "ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ಕಳಿಸೋವಾಗ ನನ್ನ ದೀಪದ ಹಾಡು ಹಾಕು, ಸಿಗ್ಲಿಲ್ಲ ಅಂದ್ರೆ ಚಿಕ್ಕಮ್ಮನ್ನ ಕೇಳು. ಎಲ್ಲರೆದುರಿಗೇ ಕೇಳು, ಒಬ್ಬಳೇ ಇದ್ರೆ ನಾಚ್ಕೋತಾಳೆ ಅಂತ."

ಲಿಸ್ಟಮ್ಮನ ಬೆರಳಿನಲ್ಲಿ ಒಂದು ಹೂವಿನ ತೊಟ್ಟು ಮುರಿಯಿತು.

ಅಕ್ಕನ ಜೊತೆ ಹಾಡುತ್ತಿದ್ದ ಮೂವರು ಹೆಂಗಸರು ಕೊನೆಯ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದರು. "ಇಲ್ಲೂ ನಮಗೆ ಹಿಂದಿನ ಸಾಲೇ ನೋಡು," ಎಂದು ಒಬ್ಬಳು ಪಿಸುಗುಟ್ಟಿದಳು. "ಆ ಹಾಡು ನಿಂಗೆ ಬರುತ್ತೇನೆ?" "ನಂಗೆಲ್ಲಿಂದ ಬರ್ಬೇಕು? ಆವತ್ತು ನಮ್ಮನ್ನ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದ್ರಲ್ಲ. ಅವಳೊಬ್ಬಳೇ ಉಳ್ಕೊಂಡಿದ್ದು."

*

ಜೋಗುಳದ ಕ್ಯಾಸೆಟ್ಟಿಗೆ ಒಂಬತ್ತು ಹಾಡು ಹಾಡಿದ ದೊಡ್ಡ ಗಾಯಕಿಗೆ ಹತ್ತನೆಯದಾದ ದೀಪದ ಹಾಡಿನ ಹೊತ್ತಿಗೆ ಗಂಟಲು ಕೈಕೊಟ್ಟಿತ್ತು. ವಾದ್ಯದವರೆಲ್ಲ ಕಾದು ಕೂತಿದ್ದರು. ಕೋರಸ್ಸಿನಿಂದ ಅಕ್ಕನನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದರು. ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಕ್ಯಾಸೆಟ್ಟಿನ ಹೊದಿಕೆಯ ರಟ್ಟು ಅಚ್ಚಾಗಿ ಬಂದಾಗ ಒಂಬತ್ತು ಹಾಡುಗಳ ಕೆಳಗೆ ದೊಡ್ಡ ಗಾಯಕಿಯ ಹೆಸರಿತ್ತು. ಹತ್ತನೆಯದರ ಕೆಳಗೆ 'ಮತ್ತು ಸಂಗಡಿಗರು' ಎಂದಿತ್ತು.

"ಒಬ್ಬಳೇ ಹಾಡಿದೀನಿ, ಸಂಗಡಿಗರಂತೆ!" ಎಂದು ಅಕ್ಕ ನಕ್ಕಿದ್ದಳು. ಎಷ್ಟೋ ವರ್ಷ ನಗುತ್ತಲೇ ಇದ್ದಳು. ಮನೆಯಲ್ಲಿದ್ದ ಒಂದೇ ಕ್ಯಾಸೆಟ್ಟು ಪ್ಲೇಯರಿಗೆ ಸಿಕ್ಕಿ ಹರಿದುಹೋದ ದಿನ ಮಾತ್ರ ನಗಲಿಲ್ಲ.

ಆಮೇಲೆ ಕ್ಯಾಸೆಟ್ಟು ಹೋಯಿತು, ಸೀಡಿಯೂ ಹೋಯಿತು. ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ ಇಂಟರ್‌ನೆಟ್ಟಿನಲ್ಲಿ ಮಾರುವ ಕಾಲ ಬಂತು. ಹನ್ನೊಂದು ಸಾವಿರ ಹಾಡುಗಳ ಪಟ್ಟಿ ಲಿಸ್ಟಮ್ಮನ ಕೈಗೆ ಬಿತ್ತು. ಹಾಡಿನ ಮೊದಲ ಸಾಲು, ಬರೆದವರು, ಗಾಯಕರು. ಗಾಯಕರ ಕಾಲಂ ಖಾಲಿಯಿದ್ದರೆ ಆ ಇಂಟರ್‌ನೆಟ್ ಅಂಗಡಿ ಹಾಡನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. 'ಸಂಗಡಿಗರು' ಎನ್ನುವುದನ್ನೂ ಹೆಸರೆಂದು ಒಪ್ಪುತ್ತಿರಲಿಲ್ಲ. ಪಟ್ಟಿ ಮುಗಿದ ಮೇಲೆ ಮೂಲ ಟೇಪುಗಳು ಗುಜರಿಗೆ.

"ಈಗಲಾದ್ರೂ ನನ್ನ ಹೆಸರು ಹಾಕೇ," ಎಂದು ಅಕ್ಕ ಕೇಳಿದಳು. ಲಿಸ್ಟಮ್ಮ, "ಅದೇನು ಮಹಾ ಕೆಲಸ ಅಕ್ಕ," ಎಂದಳು. ಹಾಕುವ ಮನಸ್ಸು ನಿಜವಾಗಿಯೂ ಇತ್ತು.

ಅದೇ ವಾರ ಮಾಲೀಕರು ಯಾವುದೋ ವಸ್ತುಪ್ರದರ್ಶನಕ್ಕೆ ಹೋಗಿ ಬಂದು ಎಲ್ಲರ ಮೇಜಿಗೂ ಒಂದೊಂದು ಆಟಿಕೆ ಹಂಚಿದರು. ಒಬ್ಬನಿಗೆ ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಫ್ಯಾನು. ಒಬ್ಬನಿಗೆ ಬೋರಲು ಬಿದ್ದ ಮನುಷ್ಯನ ಆಕಾರದ ಪೆನ್ ಸ್ಟ್ಯಾಂಡು, ಪೆನ್ನನ್ನು ಅವನ ಬೆನ್ನಿಗೆ ಚುಚ್ಚಿ ನಿಲ್ಲಿಸಬೇಕು. ಲಿಸ್ಟಮ್ಮನಿಗೆ ಒಂದು ಕೆಂಪು ಗುಂಡಿ. ಒತ್ತಿದರೆ ನೂರಾರು ಜನ ಚಪ್ಪಾಳೆ ತಟ್ಟಿದ ಸದ್ದು. "ಇಷ್ಟು ದೊಡ್ಡ ಕೆಲಸ ಮಾಡ್ತಿದೀರಿ, ಇದು ನಿಮಗೇ ಸರಿ," ಎಂದಿದ್ದರು. ಅವಳಿಗೆ ಯಾರೂ ಯಾವತ್ತೂ ಹಾಗೆ ಹೇಳಿರಲಿಲ್ಲ.

ಭಾನುವಾರ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದಳು. ಭಾವನ ಕಡೆಯ ನೆಂಟರು ಬಂದಿದ್ದರು. ಅಕ್ಕ ಗುಂಡಿಯನ್ನು ಒತ್ತಿ, ಚಪ್ಪಾಳೆ ನಿಲ್ಲುವವರೆಗೂ ತಲೆ ಓರೆ ಮಾಡಿ ಕೇಳಿ, ಹೇಳಿದಳು:

"ಪಾಪ, ನಿಂಗೆ ಚಪ್ಪಾಳೆ ಬೀಳ್ಬೇಕು ಅಂದ್ರೆ ಸೆಲ್ಲು ಹಾಕ್ಬೇಕು ನೋಡು."

ಎಲ್ಲರೂ ನಕ್ಕರು. ಭಾವ ಕೆಮ್ಮು ಬರುವಷ್ಟು ನಕ್ಕ. ಲಿಸ್ಟಮ್ಮನೂ ನಕ್ಕು, ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ, ತೊಳೆದ ಲೋಟಗಳನ್ನೇ ಇನ್ನೊಮ್ಮೆ ತೊಳೆದಳು.

ಸೋಮವಾರ ಪಟ್ಟಿಯಲ್ಲಿ ದೀಪದ ಹಾಡು ಬಂತು. ಖಾಲಿ ಗಾಯಕರ ಕಾಲಮ್ಮಿನಲ್ಲಿ ಕರ್ಸರಿನ ಗೆರೆ ಮಿಟುಕುತ್ತಿತ್ತು. ಅಕ್ಕನದು ಐದು ಅಕ್ಷರದ ಹೆಸರು. ಅವಳು ಅದನ್ನು ಟೈಪು ಮಾಡದೆ ಕೆಳಗಿನ ಸಾಲಿಗೆ ಇಳಿದಳು.

"ಹಾಕಿದೆಯೇನೆ?"

"ಹಾಕಿದೆ ಅಕ್ಕ."

*

ಮೈಕಣ್ಣ ತಡವಾಗಿ, ಏದುಸಿರು ಬಿಡುತ್ತ ಬಂದ. ಕಂಪನಿಯಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವನು. ಈಗ ಕಿವಿ ಮಂದವಾಗಿ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದ. ಪೆಟ್ಟಿಗೆಗೆ ಕೈಮುಗಿದು, "ಒಳ್ಳೇ ದನಿ. ಹಾಳಾಗೋಯ್ತು," ಎಂದ.

"ಅಂಕಲ್, ಅಮ್ಮನ ದೀಪದ ಹಾಡು ಹುಡುಕ್ತಿದೀವಿ," ಎಂದು ಹುಡುಗಿ ಫೋನನ್ನು ಅವನ ಮುಂದೆ ಹಿಡಿದಳು.

"ಅದೆಲ್ಲಿ ಸಿಗುತ್ತಮ್ಮ? ಅದು ಅಂಗಡಿಗೇ ಹೋಗ್ಲಿಲ್ಲ."

"ಹೋಗಿದೆ. ಚಿಕ್ಕಮ್ಮ ಹಾಕ್ಸಿದಾಳೆ."

"ಹೆಸರಿನ ಜಾಗ ಖಾಲಿ ಬಿಟ್ಟಿದ್ರಲ್ಲ ಲಿಸ್ಟಮ್ನೋರು. ವಾಪಸ್ ಬಂದಿದ್ದನ್ನ ನಾನೇ ಅವರ ಮೇಜಿನ ಮೇಲಿಟ್ಟೆ. ಆಮೇಲೆ ಟೇಪೂ ಗುಜರಿಗೆ ಹೋಯ್ತು."

"ಮೈಕಣ್ಣ, ಅದೆಲ್ಲ ಈಗ್ಯಾಕೆ," ಎಂದಳು ಲಿಸ್ಟಮ್ಮ.

"ಏನಂದ್ರಿ? ಅಯ್ಯೋ, ಇದರಲ್ಲಿ ಮುಚ್ಚಿಡೋದು ಏನಿದೆ? ಅವರಿಗೇ ಗೊತ್ತಿತ್ತಲ್ಲ!" ಅವನು ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಕೇಳ್ಕೊಂಡು ನನ್ನ ಹತ್ರ ಬಂದಿದ್ರು. ಹನ್ನೆರಡು ವರ್ಷ ಆಯ್ತು. ಎಲ್ಲ ಹೇಳ್ದೆ. ಸರಿ ಬಿಡಿ, ತಂಗಿ ತಾನೆ, ನಾನು ನೋಡ್ಕೋತೀನಿ ಅಂತ ಹೊರಟುಹೋದ್ರು."

ಹನ್ನೆರಡು ವರ್ಷ. ಆ ಹನ್ನೆರಡು ವರ್ಷದಲ್ಲಿ ಅಕ್ಕ ಒಂದು ದಿನವೂ ಜಗಳವಾಡಿರಲಿಲ್ಲ. ಮನೆಗೆ ಯಾರೇ ಬರಲಿ, ಮಾತಿನ ಮಧ್ಯೆ ತಂಗಿಯ ಭುಜ ಹಿಡಿದು, "ನನ್ನ ಹಾಡು ಈಗಲೂ ಅಲ್ಲಿದೆ ತಾನೇ? ಹೇಳೇ ಇವರಿಗೆ," ಎನ್ನುತ್ತಿದ್ದಳು. "ಇದೆ ಅಕ್ಕ," ಎಂದು ಇವಳು ಪ್ರತಿ ಸಲವೂ ಹೇಳುತ್ತಿದ್ದಳು. ಅಕ್ಕ ಮೆಲ್ಲಗೆ ಭುಜ ತಟ್ಟುತ್ತಿದ್ದಳು. ಆ ತಟ್ಟುವಿಕೆಯನ್ನು ಇವಳು ಪ್ರೀತಿಯೆಂದುಕೊಂಡಿದ್ದಳು. ಎಷ್ಟು ಸಲ ಸುಳ್ಳು ಹೇಳಿಸಿದ್ದಳು ಅಕ್ಕ! ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಕೊಂಡೇ ಇವತ್ತಿನದನ್ನೂ ಹೇಳಿಸಲು ಏರ್ಪಾಡು ಮಾಡಿ ಹೋಗಿದ್ದಳು.

ಭಾವ ಎದ್ದು ನಿಂತ. ಪೆಟ್ಟಿಗೆಯನ್ನೊಮ್ಮೆ ನೋಡಿ, ಮತ್ತೆ ಕೂತ.

ಹುಡುಗಿ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅವಳು ಅಳಲಿಲ್ಲ. ಹುಟ್ಟಿದ ಮೂರನೆಯ ದಿನದಿಂದ ಲಿಸ್ಟಮ್ಮ ಎತ್ತಿ ಆಡಿಸಿದ ಮಗು. ಜ್ವರ ಬಂದಾಗ ಅಮ್ಮನನ್ನು ಬಿಟ್ಟು ಇವಳ ಪಕ್ಕದಲ್ಲೇ ಮಲಗುತ್ತಿದ್ದವಳು. ಅಕ್ಕನ ಪಾಲಿಗೆ ಬಂದದ್ದರಲ್ಲಿ ತನ್ನದೂ ಆಗಿದ್ದದ್ದು ಈ ಮಗುವೊಂದೇ.

"ಹಾಗಾದ್ರೆ ನೀವು ಹಾಡಿ," ಎಂದಳು.

ಮೂವತ್ತನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಮೊದಲ ಸಲ 'ನೀವು' ಬಂದಿತ್ತು.

"ಪುಟ್ಟಿ, ನಂಗೆಲ್ಲಿ ಹಾಡೋಕೆ ಬರುತ್ತೆ..."

"ಹನ್ನೊಂದು ಸಾವಿರ ಹಾಡು ಬರೆದಿದೀರಲ್ಲ. ಒಂದು ಹಾಡಿ."

ಉಸ್ತುವಾರಿಯವನು ಗೋಡೆಯ ಗುಂಡಿಯನ್ನು ಒತ್ತಿದ. ರೋಲರುಗಳು ಉರುಳತೊಡಗಿ, ಪೆಟ್ಟಿಗೆ ನಿಧಾನವಾಗಿ ಪರದೆಯ ಕಡೆ ಜಾರಿತು. ಲಿಸ್ಟಮ್ಮ ಬಾಯಿ ತೆರೆದಳು.

"ದೀಪ ಸಣ್ಣ ಮಾಡೆ, ಕಂದ ಕಣ್ಣು ಮುಚ್ಚಲಿ..."

ದನಿ ಒಡೆದಿತ್ತು, ಶ್ರುತಿ ಎಲ್ಲೋ ಇತ್ತು. ಎರಡನೆಯ ಸಾಲಿಗೆ ಬಾಯಿ ತೆರೆದಾಗ ಏನೂ ಬರಲಿಲ್ಲ. ಪಟ್ಟಿಯಲ್ಲಿ ಎರಡನೆಯ ಸಾಲು ಇರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಸಾವಿರಾರು ಹಾಡುಗಳೆಲ್ಲ ಒಂದೊಂದೇ ಸಾಲಿನವು. ಅವಳು ಅದೇ ಸಾಲನ್ನು ಮತ್ತೆ ಹಾಡಿದಳು. ಪೆಟ್ಟಿಗೆ ಪರದೆಯ ಹಿಂದೆ ಹೋಯಿತು. ಮತ್ತೆ ಹಾಡಿದಳು.

ಮುಂದಿನ ಪಾರ್ಟಿಯವರು ಹೂವು ಹಿಡಿದು ಒಳಗೆ ಬಂದವರು ಬಾಗಿಲಲ್ಲೇ ಗೌರವದಿಂದ ನಿಂತರು. ಅವರಲ್ಲೊಬ್ಬ ಮುದುಕ ಪಕ್ಕದವನ ಕಡೆ ಬಾಗಿ, "ಇಷ್ಟೇ ಏನಪ್ಪ ಈ ಹಾಡು?" ಎಂದು ಕೇಳಿದ. ಉಸ್ತುವಾರಿಯವನು ಗಡಿಯಾರ ತೋರಿಸಿ ಮುಂದೆ ಬಂದ. ಹುಡುಗಿ ಅವನ ಕಡೆ ತಿರುಗದೆಯೇ ಕೈಯೆತ್ತಿ ತಡೆದಳು.

ಖಾಲಿ ರೋಲರುಗಳು ಇನ್ನೂ ಉರುಳುತ್ತಿದ್ದವು. ಲಿಸ್ಟಮ್ಮ ಹುಡುಗಿಯ ಮುಖವನ್ನೇ ನೋಡುತ್ತ ಮೊದಲ ಸಾಲನ್ನು ಮತ್ತೆ ಎತ್ತಿಕೊಂಡಳು.